ಗಡು ಎಂದರೆ ಗಡುವಲ್ಲ: ಮಲಯಾಳ ನೋಟೀಸನ್ನು ಕನ್ನಡದಲ್ಲಿ ಓದಿಸಿದ ನನ್ನ ಅನುಭವ

ಕೇರಳದ ಕಾಸರಗೋಡಿನಲ್ಲಿ ಮಲಯಾಳ ಓದಲು ಬಾರದ ಹಿರಿಯರಿಗೆ ಯಂತ್ರ ಮಲಯಾಳ ನೋಟೀಸನ್ನು ಕನ್ನಡದಲ್ಲಿ ಓದಿ ಹೇಳುವುದು ಆಗದ ಮಾತು ಎಂದವರೇ ಈಗ ಕುಂಬಳೆ, ಮಂಜೇಶ್ವರ ಕಡೆಯಿಂದ ನನಗೆ ನೋಟೀಸಿನ ಫೋಟೋ ಕಳಿಸುತ್ತಿದ್ದಾರೆ.

ಮೊದಲು ದುಡ್ಡು ಹೋದದ್ದು ಬಾಡಿಗೆ ಜಿಪಿಯುಗೆ (ಭಾರೀ ಲೆಕ್ಕ ಮಾಡುವ ಚಿಪ್ಪಿಗೆ), ಎರಡು ತಿಂಗಳಲ್ಲಿ ಹತ್ತಿರಹತ್ತಿರ 11 ಸಾವಿರ. ಬೇಕೇ ಇರಲಿಲ್ಲ. ಭಾರತೀಯ ಭಾಷೆಗಳ ಅನುವಾದ ತಂತ್ರಾಂಶ ಇಂಡಿಕ್‌ಟ್ರಾನ್ಸ್2ರಲ್ಲಿ 32 ಕೋಟಿ ಪ್ಯಾರಾಮೀಟರಿನ (ಕಲಿತು ಇಟ್ಟುಕೊಂಡ ಅಂಕಿಗಳ) ಚಿಕ್ಕ ಮಾಡೆಲ್ ಇದೆ. ಮಲಯಾಳದಿಂದ ನೇರ ಕನ್ನಡಕ್ಕೆ ತರುತ್ತದೆ. 8 ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪ್ ಸಾಕು.

ಪಿಡಿಎಫ್‌ನಿಂದ ಅಕ್ಷರ ನೇರ ಎತ್ತಬೇಡಿ. ಹಳೇ ಎಂಎಲ್ ಎಂಬ ಮಲಯಾಳ ಫಾಂಟಿನದ್ದಾದರೆ ಬರೀ ಕಸ ಬರುತ್ತದೆ, ನಮ್ಮ ಹಳೇ ನುಡಿ ಫೈಲಿನ ಹಾಗೆ. 300 ಡಿಪಿಐ (ಇಂಚಿಗೆ 300 ಚುಕ್ಕಿ) ಚಿತ್ರ ಮಾಡಿ, ಚಿತ್ರದಿಂದ ಅಕ್ಷರ ಓದುವ ಟೆಸೆರಾಕ್ಟ್ ತಂತ್ರಾಂಶಕ್ಕೆ ಕೊಡಿ. ನೇರಳೆ ಸೀಲು ಅಕ್ಷರದ ಮೇಲೆ ಬಿದ್ದಿದ್ದರೆ ಚಿತ್ರದ ಕೆಂಪು, ಹಸಿರು, ನೀಲಿ ಪದರಗಳಲ್ಲಿ (ಚಾನೆಲ್) ನೀಲಿ ಮಾತ್ರ ಉಳಿಸಿ, ಸೀಲು ತೆಳುವಾಗುತ್ತದೆ. ಮೊಬೈಲ್ ಫೋಟೋದ ನೆರಳು ತೆಗೆಯುವ ಕ್ರಮ ಸದ್ಯ ನನ್ನಲ್ಲೇ ಇರಲಿ.

ಮೂರು ವಾರ ತಿಂದದ್ದು ಚಿಲ್ಲಕ್ಷರ, ಅಂದರೆ ಸ್ವರ ಸೇರದೆ ನಿಲ್ಲುವ ಮಲಯಾಳದ ವ್ಯಂಜನ. ಅದಕ್ಕೆ ಬಿಡಿ ಸಂಕೇತ ಬಂದದ್ದು ಎಲ್ಲ ಲಿಪಿಗೂ ಸಂಕೇತ ಕೊಡುವ ಯೂನಿಕೋಡಿನ 2008ರ 5.1 ಆವೃತ್ತಿಯಲ್ಲಿ, ಹಲವು ಸಂಕೇತ ಕೂಡಿಸುವ ಹಿಂದಿನ ಜೋಡಣೆಯೂ ಇನ್ನೂ ಓಡಾಡುತ್ತಿದೆ. ಎರಡನ್ನೂ ಒಂದೇ ರೂಪಕ್ಕೆ ತರದಿದ್ದರೆ ಪದಪಟ್ಟಿ ತಾಳೆಯಾಗದು.

ಎರಡೂ ಭಾಷೆಯಲ್ಲಿ ಒಂದೇ ಥರ ಕೇಳಿದರೂ ಅರ್ಥ ಬೇರೆಯಾದ ಪದಗಳ ಆ ಪಟ್ಟಿಯೇ ಇಡೀ ಕೆಲಸದ ಜೀವ. ಮಲಯಾಳದ ಅಪೇಕ್ಷ ನಮ್ಮ ಅರ್ಜಿ, ಅವಸರಂ ಅಂದರೆ ಅವಕಾಶ, ಅವಧಿ ಹೆಚ್ಚಾಗಿ ರಜೆ, ಗಡು ಅಂದರೆ ಕಂತು. ‘ಎರಡನೇ ಕಂತು’ ಹೋಗಿ ‘ಎರಡನೇ ಗಡುವು’ ಆದರೆ ಹಣ ಬರಬೇಕಾದವರು ದಂಡ ಕಟ್ಟಬೇಕೇನೋ ಎಂದು ಹೆದರುತ್ತಾರೆ. ಇಂಥ ಸುಮಾರು 140 ಪದ ಕೂಡಿಸಿದ್ದೇನೆ. ಮೂಲದಲ್ಲಿ ಈ ಪದವಿದ್ದು ಅನುವಾದದಲ್ಲೂ ಅದರದೇ ಸದ್ದಿನ ಕನ್ನಡ ಪದ ಕಂಡರೆ ಆ ವಾಕ್ಯ ಮನುಷ್ಯರ ಕಣ್ಣಿಗೆ ಹೋಗುತ್ತದೆ.

ಅಂಕಿಯನ್ನು ಮಾಡೆಲಿನ ಕೈಗೆ ಕೊಡಲೇಬಾರದು. 31 ಹೋಗಿ 81 ಆದದ್ದುಂಟು. ಅಂಕಿಯ ತುಂಡನ್ನು ಕತ್ತರಿಸಿ, ಟೆಸೆರಾಕ್ಟ್ ಅಂಕಿ ಮಾತ್ರ ಗುರುತಿಸುವಂತೆ ಕಟ್ಟಿ ಇನ್ನೊಮ್ಮೆ ಓದಿಸಿ. ಎರಡು ಓದು ಕೂಡದಿದ್ದರೆ ‘ತಾರೀಕು ಸ್ಪಷ್ಟವಿಲ್ಲ, ಕೇಳಿ ನೋಡಿ’ ಎಂದಷ್ಟೇ ಹೇಳಲಿ. ಊಹಿಸಿ ಹೇಳಿದ ಒಂದು ತಾರೀಕು ತಪ್ಪಿದರೆ ಆ ಮನೆಯವರು ಮತ್ತೆ ನಂಬುವುದಿಲ್ಲ.

ಕಾಗದವನ್ನು ಮೇಲಿನಿಂದ ಓದಿಸಿದಾಗ ‘ಸೂಚನೆ, ಉಲ್ಲೇಖ’ ಮುಗಿಯುವ ಹೊತ್ತಿಗೆ ಕೇಳುವವರು ಎದ್ದುಹೋಗುತ್ತಿದ್ದರು. ಈಗ ಮೊದಲು ಕಡೇ ದಿನ, ಎಷ್ಟು ಹಣ, ಯಾವ ಆಫೀಸು, ಉಳಿದದ್ದು ಆಮೇಲೆ. ಫೋಟೋ ಅದೇ ದಿನ ಅಳಿಸುತ್ತೇನೆ, ಆಧಾರ್ ಸಂಖ್ಯೆ ಓದಿಸುವುದೇ ಇಲ್ಲ.

ನಡುವೆ ತುಳುವಿನಲ್ಲಿ ಹೇಳಿಸಲೂ ಹೋದೆ. ಕನ್ನಡ ಓದುವ ಯಂತ್ರದ ದನಿಗೆ ತುಳುವಿನ ಕೊನೆಯ ಅರ್ಧ ಉಕಾರ ದಕ್ಕಲಿಲ್ಲ. ಕೇಳಿದವರೆಲ್ಲ ನಕ್ಕದ್ದೇ ಲಾಭ.

ಕೈಬರಹದ ಷರಾ ಇನ್ನೂ ಓದಿಸಲಾಗಿಲ್ಲ. ‘ಇಲ್ಲಿ ಪೆನ್ನಿನಲ್ಲಿ ಏನೋ ಬರೆದಿದ್ದಾರೆ, ಯಾರಲ್ಲಾದರೂ ಓದಿಸಿ’ ಎನ್ನುತ್ತದೆ, ಅಷ್ಟೆ.