ಪೆನ್‌ಡ್ರೈವ್‌ನಲ್ಲಿರುವ ಲಿನಕ್ಸ್ ಬೂಟ್ ಆಗದೆ ನಿಂತರೆ

ಪೆನ್‌ಡ್ರೈವ್‌ನಲ್ಲಿ ಇನ್‌ಸ್ಟಾಲ್ ಮಾಡಿದ ಉಬುಂಟು ಅಥವಾ ಡೆಬಿಯನ್ ಶುರುವಾಗದೆ ‘ಇನಿಟ್‌ರಾಮ್‌ಎಫ್‌ಎಸ್’ ಎಂಬ ಕಪ್ಪು ಪರದೆಗೆ ಬಂದು ನಿಲ್ಲುತ್ತಿದ್ದರೆ, ಗ್ರಬ್ ಮೆನುವಿನಲ್ಲಿ (ಶುರುವಿನಲ್ಲಿ ಯಾವ ಸಿಸ್ಟಮ್ ಬೂಟ್ ಆಗಬೇಕೆಂದು ಆರಿಸುವ ಪಟ್ಟಿ) ‘ಇ’ ಒತ್ತಿ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಗೆ ಒಂದು ಜಾಗ ಬಿಟ್ಟು ‘ರೂಟ್‌ಡಿಲೇ=60’ ಸೇರಿಸಿ (ಇಂಗ್ಲಿಷ್ ಸಣ್ಣಕ್ಷರದಲ್ಲಿ, ಒಂದೇ ಪದವಾಗಿ), ಎಫ್10 ಒತ್ತಿ. ಯುಎಸ್‌ಬಿ ಡ್ರೈವರ್ ಎದ್ದು ಡ್ರೈವನ್ನು ಗುರುತಿಸಲು ಕೆಲವೊಮ್ಮೆ ಹೆಚ್ಚು ಹೊತ್ತು ಬೇಕು. ಅಷ್ಟರೊಳಗೆ ಸಿಸ್ಟಮ್ ಹುಡುಕಿ, ಸಿಗಲಿಲ್ಲ ಅಂತ ಕೈಚೆಲ್ಲಿರುತ್ತದೆ. ಈ 60 ಅಂದರೆ ಡ್ರೈವ್ ಸಿಗುವವರೆಗೆ ಹೆಚ್ಚೆಂದರೆ ಸುಮಾರು 60 ಸೆಕೆಂಡ್ ಕಾಯಲಿಕ್ಕೆ, ಅಷ್ಟೇ. ಅನುಮಾನವಿದ್ದರೆ ಆ ಕಪ್ಪು ಪರದೆಯಲ್ಲೇ ಸ್ವಲ್ಪ ತಡೆದು ‘ಎಕ್ಸಿಟ್’ ಕೊಡಿ. ಬೂಟ್ ಮುಂದುವರಿದರೆ ಕಾರಣ ಇದೇ. ಆದರೆ ಅಲ್ಲೇ ‘ಬಿಎಲ್‌ಕೆಐಡಿ’ (ಸಿಕ್ಕ ಡ್ರೈವ್‌ಗಳ ಪಟ್ಟಿ ತೋರಿಸುವ ಕಮಾಂಡ್) ಕೊಟ್ಟರೂ ಡ್ರೈವ್ ಕಾಣದಿದ್ದರೆ ಎಷ್ಟು ಕಾದರೂ ಪ್ರಯೋಜನವಿಲ್ಲ. ಹಬ್ ಬಿಟ್ಟು ನೇರ ಬೇರೆ ಪೋರ್ಟಿಗೆ ಚುಚ್ಚಿ ನೋಡಿ. ಹಾಂ, ಈ ಬದಲಾವಣೆ ಆ ಒಂದು ಸಲಕ್ಕೆ ಮಾತ್ರ. ಕಾಯಂ ಆಗಬೇಕಾದರೆ ಗ್ರಬ್ ಸೆಟ್ಟಿಂಗ್ ಫೈಲ್‌ನಲ್ಲೂ ಬರೆದು ‘ಅಪ್‌ಡೇಟ್-ಗ್ರಬ್’ ಓಡಿಸಿ.