ಅಪರಿಚಿತರ ಕರೆಗೆ ಮೋಟರ್ ಏಳದಂತೆ ಮಾಡಿದ್ದು: ನನ್ನ ಅನುಭವ

ಫೋನಿನಿಂದಲೇ ಬೋರ್ ಮೋಟರ್ ಆನ್, ಆಫ್ ಮಾಡುವ ಮೊಬೈಲ್ ಸ್ಟಾರ್ಟರ್ ಅಂದರೆ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆ ಈಗಲೂ ಮೂಗು ಮುರಿಯುವವರೇ ಹೆಚ್ಚು. ಮೂರು ತಿಂಗಳು ನಡೆಯುತ್ತದೆ, ಆಮೇಲೆ ಕೈಕೊಡುತ್ತದೆ, ಮತ್ತೆ ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ತೋಟಕ್ಕೆ ಹೋಗುವುದು ತಪ್ಪುವುದಿಲ್ಲ ಅನ್ನುತ್ತಾರೆ. ಸುಟ್ಟ ಮೋಟರಿಗೆ ಮತ್ತೆ ತಂತಿ ಸುತ್ತುವ (ರಿವೈಂಡಿಂಗ್) ಕೆಲಸದವರು, ಲೈನ್ ಕೆಲಸ ಗೊತ್ತಿರುವವರು ಎಲ್ಲರೂ ಬೇಡವೆಂದೇ ಹೇಳಿದ್ದರು. ನಾನು ಜೋಡಿಸಿದ ಪೆಟ್ಟಿಗೆ ಎರಡು ಬೇಸಿಗೆ, ಎರಡು ಮಳೆಗಾಲ ದಾಟಿದೆ. ಅಷ್ಟೂ ದಿನ ಮೋಟರ್ ಮೇಲೆತ್ತಿಲ್ಲ. ಬೋರ್ 1,200 ಅಡಿ ಚಿಲ್ಲರೆ, 10 ಎಚ್‌ಪಿ ಮೋಟರ್, ಒಂದೂವರೆ ಇಂಚು ನೀರು. ಇಂಥ ಬೋರ್‌ನಲ್ಲಿ ಒಂದು ಸಲ ವೈಂಡಿಂಗ್ ಸುಟ್ಟರೆ ಎತ್ತುವ ಗಾಡಿ, ರಿವೈಂಡಿಂಗ್, ಮತ್ತೆ ಇಳಿಸುವುದು ಎಲ್ಲ ಸೇರಿ ಇಪ್ಪತ್ತೈದು ಸಾವಿರಕ್ಕೆ ಕಡಿಮೆ ಆಗುವುದಿಲ್ಲ. ಟೊಮೆಟೊ ಇದ್ದ ಕಾಲದಲ್ಲಾದರೆ ಬೆಳೆಯ ನಷ್ಟ ಬೇರೆ.

ಸಾಮಾನು ಎಲ್ಲರಿಗೂ ಗೊತ್ತಿರುವುದೇ: ಪ್ರೋಗ್ರಾಂ ಬರೆದು ಹಾಕುವ ಸಣ್ಣ ಬೋರ್ಡ್ ಆರ್ಡುಯಿನೋ ನ್ಯಾನೋ, ಸಿಮ್ ಹಾಕಿ ಕರೆ, ಮೆಸೇಜ್ ಪಡೆಯುವ ಸಿಮ್800ಎಲ್ ಮಾಡ್ಯೂಲ್, ನ್ಯಾನೋ ಹೇಳಿದಂತೆ ಆನ್, ಆಫ್ ಆಗುವ ಸ್ವಿಚ್ಚು ಅಂದರೆ ರಿಲೇ ಎರಡು ಇರುವ ಬೋರ್ಡ್. ಸ್ಟಾರ್ಟ್ ಬಟನ್‌ಗೆ ಸಮಾನಾಂತರವಾಗಿ ಒಂದು ರಿಲೇ, ಸ್ಟಾಪ್ ಬಟನ್‌ನ ಸಾಲಿನಲ್ಲಿ ಇನ್ನೊಂದು. ಮೋಟರನ್ನು ನೇರ ಎಬ್ಬಿಸುವ ಡಿಒಎಲ್ ಸ್ಟಾರ್ಟರ್ ಆಗಲಿ, ಹಂತದಲ್ಲಿ ಎಬ್ಬಿಸುವ ಸ್ಟಾರ್ ಡೆಲ್ಟಾ ಆಗಲಿ ರಿಲೇ ಕೂರಿಸುವ ಜಾಗ ಅದೇ.

ಮೊದಲ ಪೆಟ್ಟು ಬಿದ್ದದ್ದು ರಿಲೇಗೆ. ನಮ್ಮ ಸ್ಟಾರ್ಟರ್‌ಗಳಲ್ಲಿ ಕಾಂಟ್ಯಾಕ್ಟರನ್ನು (ಮೋಟರಿಗೆ ಕರೆಂಟ್ ಕೊಡುವ ದೊಡ್ಡ ಸ್ವಿಚ್ಚು) ಎಳೆದು ಹಿಡಿಯುವ ಕಾಯಿಲ್ 415 ವೋಲ್ಟಿನದು. ಆ ಸಣ್ಣ ನೀಲಿ ರಿಲೇಗಳು 250 ವೋಲ್ಟಿಗೆ ಮಾಡಿದವು. ನಡೆಯುತ್ತದೆ ಎಂದು ಬಿಟ್ಟರೆ ಇಪ್ಪತ್ತು ದಿನದಲ್ಲಿ ಪಾಯಿಂಟ್ ಅಂಟಿಕೊಂಡಿತು. ಸ್ಟಾರ್ಟ್ ರಿಲೇ ಅಂಟಿದರೆ ಆಗುವ ಅನಾಹುತ ದೊಡ್ಡದು: ಸ್ಟಾಪ್ ಒತ್ತಿದಾಗ ನಿಲ್ಲುತ್ತದೆ, ಕೈ ಬಿಟ್ಟ ತಕ್ಷಣ ಮತ್ತೆ ಎಳೆದುಕೊಳ್ಳುತ್ತದೆ. ಮೇನ್ ಆಫ್ ಮಾಡುವುದೊಂದೇ ದಾರಿ. ನ್ಯೂಟ್ರಲ್ ತೆಗೆದುಕೊಂಡು 230ರ ಕಾಯಿಲ್ ಹಾಕಿ ಅನ್ನುವವರಿದ್ದಾರೆ. ತೋಟದ ಲೈನಿನ ನ್ಯೂಟ್ರಲ್ ನಂಬಿ ಕಾಯಿಲ್ ಓಡಿಸುವುದು ಬೇಡ. 415ರಿಂದ 230ಕ್ಕೆ ಇಳಿಸುವ 100 ವಿಎ ಕಂಟ್ರೋಲ್ ಟ್ರಾನ್ಸ್‌ಫಾರ್ಮರ್ ಹಾಕಿ, ಕಾಯಿಲ್ ಬದಲಿಸಿದೆ. ಕಾಯಿಲ್ ಬಿಡುವಾಗ ಹಿಂದಕ್ಕೆ ಹೊಡೆಯುವ ವೋಲ್ಟೇಜಿಗೆ ನ್ಯಾನೋ ರೀಸೆಟ್ ಆಗುತ್ತಿತ್ತು. ಕಾಯಿಲ್‌ನ ಎರಡು ತುದಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್, 100 ಓಮ್ ರೆಸಿಸ್ಟರ್ ಸಾಲಾಗಿ ಕೂರಿಸಿದ ಮೇಲೆ ಅದು ನಿಂತಿತು. ಕೆಪಾಸಿಟರ್ ಎಸಿಗೆಂದೇ ಮಾಡಿದ್ದಾಗಿರಬೇಕು.

ಸಿಮ್800ಎಲ್ ಬೇಡುವುದು 3.4ರಿಂದ 4.4 ವೋಲ್ಟು. ಟವರಿಗೆ ಮಾತಾಡುವ ಕ್ಷಣದಲ್ಲಿ 2 ಆಂಪಿಯರ್ ತನಕ ಎಳೆಯುತ್ತದೆ. ಫೋನ್ ಚಾರ್ಜರ್, ಡಯೋಡ್ ಅಂತ ಏನೇನೋ ಕಟ್ಟಿದರೆ ರಿಂಗ್ ಆಗುವ ಹೊತ್ತಿಗೆ ಸರಿಯಾಗಿ ಸತ್ತುಹೋಗುತ್ತದೆ. ಮಾಡ್ಯೂಲ್ ಕೆಟ್ಟಿದೆ ಎಂದು ನಾನು ಮೂರು ಬದಲಿಸಿದೆ, ಸಾವಿರಕ್ಕೂ ಮೇಲೆ ದಂಡ. ಕೊನೆಗೆ ಒಂದು 18650 ಲಿಥಿಯಂ ಸೆಲ್ಲನ್ನು ಗಿಡ್ಡ, ದಪ್ಪ ತಂತಿಯಲ್ಲಿ ನೇರ ಕೊಟ್ಟು, ಪಕ್ಕದಲ್ಲೇ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆ. ಸೆಲ್‌ಗೆ ಚಾರ್ಜರ್ ಬೋರ್ಡ್ ಬೇರೆ. ಇದರಿಂದ ಕರೆಂಟ್ ಇಲ್ಲದಾಗಲೂ ಪೆಟ್ಟಿಗೆ ಎಚ್ಚರವಾಗಿರುತ್ತದೆ, ತ್ರೀ ಫೇಸ್ ಬಂದ ಕೂಡಲೇ ಮೆಸೇಜ್ ಹಾಕುತ್ತದೆ. ಸೆಲ್ ಮಾತ್ರ ತಗಡಿನ ಪೆಟ್ಟಿಗೆಯೊಳಗೆ ಇಡಬೇಡಿ, ಏಪ್ರಿಲ್ ಬಿಸಿಲಿಗೆ ಕೆಡುತ್ತದೆ. ನೆರಳಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟಿದ್ದೇನೆ. ಮಾಡ್ಯೂಲ್ ಜೊತೆ ಬರುವ ಸ್ಪ್ರಿಂಗ್ ಆಂಟೆನಾ ತಗಡಿನೊಳಗೆ ದಂಡ. ಮೂರು ಮೀಟರ್ ವೈರಿನ ಆಂಟೆನಾ ಹೊರಗೆ ತಂದು ಜಿಐ ಪೈಪಿನ ತುದಿಗೆ ಏರಿಸಿದಾಗ ಸಿಗ್ನಲ್ ಅಂಕಿ 7ರಿಂದ 16ಕ್ಕೆ ಬಂತು. 31ಕ್ಕೆ ಲೆಕ್ಕ ಅದು, 10ಕ್ಕಿಂತ ಕೆಳಗಿದ್ದರೆ ನಂಬಬೇಡಿ. ಈ ಮಾಡ್ಯೂಲ್ 2ಜಿ ಮಾತ್ರ ಹಿಡಿಯುವುದು. 2ಜಿ ಇಲ್ಲದ ಕಂಪನಿಯ ಸಿಮ್ ಹಾಕಿ ದಿನಗಟ್ಟಲೆ ತಲೆ ಕೆಡಿಸಿಕೊಳ್ಳುವವರನ್ನು ಇವತ್ತಿಗೂ ನೋಡುತ್ತೇನೆ.

ಇನ್ನು ಸಿಮ್. ನನ್ನ ಪ್ರಕಾರ ಮೊಬೈಲ್ ಸ್ಟಾರ್ಟರ್ ಮೂರು ತಿಂಗಳಿಗೆ ಸಾಯುವುದಕ್ಕೆ ಮುಖ್ಯ ಕಾರಣ ಇದೇ. ಕಂಪನಿಗಳು ಕೊಡುವ ಹೊಸ ನಂಬರ್ ಎಷ್ಟೋ ಸಲ ಹಿಂದೆ ಯಾರದೋ ಆಗಿರುತ್ತದೆ. ನನ್ನ ಮೋಟರಿನ ನಂಬರಿಗೆ ಯಾರದೋ ಸಾಲದ ವಸೂಲಿ ಕರೆ ಬರುತ್ತಿತ್ತು, 140ರಿಂದ ಶುರುವಾಗುವ ಜಾಹೀರಾತು ಕರೆಗಳೂ ಬರುತ್ತಿದ್ದವು. ರಿಂಗ್ ಬಂದರೆ ಆನ್ ಎಂದು ಬರೆದಿದ್ದ ಪ್ರೋಗ್ರಾಂ ಪ್ರತಿ ಕರೆಗೂ ಮೋಟರ್ ಎಬ್ಬಿಸುತ್ತಿತ್ತು. ನಂಬರ್ ನೋಡಿ ಒಪ್ಪುವಂತೆ ಮಾಡಿದೆ. ಆಗ ಇನ್ನೊಂದು ತೊಂದರೆ: ಒಂದೇ ಫೋನಿನ ಕರೆ ಒಮ್ಮೆ +91 ಸೇರಿ ಬರುತ್ತದೆ, ಒಮ್ಮೆ ಬರೀ ಹತ್ತು ಅಂಕಿ. ಹಾಗಾಗಿ ಕೊನೆಯ ಹತ್ತು ಅಂಕಿ ಮಾತ್ರ ಹೋಲಿಸಬೇಕು. ಮನೆಯವರ ನಾಲ್ಕು ನಂಬರ್ ಇಟ್ಟಿದ್ದೇನೆ.

ಎರಡನೆಯದು ಮೆಸೇಜು. ರೀಚಾರ್ಜ್ ಮಾಡಿ, ಆಫರ್ ನೋಡಿ ಎಂದು ದಿನಕ್ಕೆ ಎರಡು ಮೂರು ಬಂದು ಸಿಮ್ ಒಳಗೇ ಕೂರುತ್ತವೆ. ಅಲ್ಲಿ ಹಿಡಿಯುವುದು ಕೆಲವೇ ಡಜನ್. ತುಂಬಿದ ಮೇಲೆ ನೀವು ಕಳಿಸುವ ಸ್ಟಾಪ್ ಮೆಸೇಜಿಗೆ ಜಾಗವೇ ಇಲ್ಲ! ಮಾಡ್ಯೂಲ್ ಬದಲಿಸಿದರೂ ಸಿಮ್ ಅದೇ ಆದ್ದರಿಂದ ರೋಗ ಹೋಗುವುದಿಲ್ಲ. ಓದಿದ ಕೂಡಲೇ ಎಲ್ಲ ಮೆಸೇಜ್ ಅಳಿಸುವ ಒಂದು ಸಾಲು, ದಿನಕ್ಕೊಮ್ಮೆ ಮಾಡ್ಯೂಲ್ ರೀಸ್ಟಾರ್ಟ್, ಇಷ್ಟೇ ಮದ್ದು. ರೀಚಾರ್ಜ್ ವರ್ಷದ್ದು ಒಂದೇ ಸಲ ಹಾಕಿಸಿಬಿಡಿ, ನಾನು ಹಾಕಿಸಿದಾಗ ಸುಮಾರು ಸಾವಿರದ ಎಂಟುನೂರು ಇತ್ತು. ತಿಂಗಳದ್ದು ಹಾಕಿಸಿದರೆ ಮರೆತ ದಿನವೇ ನೀರು ಬೇಕಾಗಿರುತ್ತದೆ.

ಒಂದೇ ಕರೆಗೆ ಆನ್, ಮತ್ತೊಂದಕ್ಕೆ ಆಫ್ ಎನ್ನುವ ವ್ಯವಸ್ಥೆ ಬೇಡ. ಮೋಟರ್ ಯಾವ ಸ್ಥಿತಿಯಲ್ಲಿದೆ ಗೊತ್ತಿಲ್ಲದೆ ಒತ್ತಿದಂತಾಗುತ್ತದೆ. ನನ್ನದರಲ್ಲಿ ಕರೆ ಅಂದರೆ ಆನ್ ಮಾತ್ರ, ಮೆಸೇಜ್ ಅಂದರೆ ಆಫ್ ಮಾತ್ರ. ಆನ್ ಆದ ಮೇಲೆ ಪೆಟ್ಟಿಗೆಯೇ ತಿರುಗಿ ಒಂದು ಮಿಸ್ಡ್ ಕಾಲ್ ಕೊಡುತ್ತದೆ. ರಿಲೇ ಒತ್ತಿದ್ದಕ್ಕಲ್ಲ, ಮೂರೂ ಫೇಸಿನಲ್ಲಿ ಆಂಪಿಯರ್ ಕಂಡ ಮೇಲೆ ಮಾತ್ರ.

ಈ ಆಂಪಿಯರ್ ವಿಚಾರಕ್ಕೇ ಹೆಚ್ಚು ದಿನ ಹೋಯಿತು. ಮೋಟರ್ ಓಡುತ್ತಿರುವಾಗ ಒಂದು ಫೇಸ್ ಹೋದರೆ, ಓಡುವ ಮೋಟರೇ ಆ ತಂತಿಯಲ್ಲಿ ವೋಲ್ಟೇಜ್ ಹುಟ್ಟಿಸುತ್ತದೆ. ಅದೇ ಟಿಸಿಯಲ್ಲಿ (ತೋಟಗಳಿಗೆ ಕರೆಂಟ್ ಕೊಡುವ ಟ್ರಾನ್ಸ್‌ಫಾರ್ಮರ್) ಕಂಡೆನ್ಸರ್ ಹಾಕಿ ಎರಡೇ ಫೇಸಿನಲ್ಲಿ ಓಡಿಸುವ ಮೋಟರುಗಳೂ ಆ ಸತ್ತ ಫೇಸಿಗೆ ವೋಲ್ಟೇಜ್ ಕೊಡುತ್ತವೆ. ಪೆಟ್ಟಿಗೆಯ ಮೂರು ದೀಪವೂ ಉರಿಯುತ್ತವೆ, ಫೇಸ್ ಹೋದರೆ ಮೋಟರ್ ನಿಲ್ಲಿಸಬೇಕಾದ, ವೋಲ್ಟೇಜ್ ನೋಡುವ ಪ್ರಿವೆಂಟರ್ ಸುಮ್ಮನಿರುತ್ತದೆ, ಉಳಿದೆರಡು ಫೇಸಿನಲ್ಲಿ ಆಂಪಿಯರ್ ಸುಮಾರು 1.73 ಪಟ್ಟು ಏರಿ ವೈಂಡಿಂಗ್ ಸುಡುತ್ತದೆ. ಹಾಗಾಗಿ ಆಂಪಿಯರನ್ನೇ ಅಳೆಯಬೇಕು. ಅದಕ್ಕೆ ತಂತಿಯ ಸುತ್ತ ಕೂರಿಸಿ ಆಂಪಿಯರ್ ಅಳೆಯುವ ಬಳೆಯಂಥ ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್), 30 ಆಂಪಿಯರಿಗೆ 1 ವೋಲ್ಟ್ ಕೊಡುವಂಥದ್ದು. ದುಡ್ಡು ಉಳಿಸಲು ಎರಡೇ ಹಾಕಿದ್ದೆ. ಸಿಟಿ ಇಲ್ಲದ ಫೇಸ್ ಹೋದಾಗ ಉಳಿದೆರಡೂ ಸಮವಾಗಿಯೇ ಕಾಣುತ್ತವೆ, ಪೆಟ್ಟಿಗೆಗೆ ಗೊತ್ತೇ ಆಗಲಿಲ್ಲ. ಓವರ್‌ಲೋಡ್ ರಿಲೇ ಬಿದ್ದದ್ದರಿಂದ ಮೋಟರ್ ಉಳಿಯಿತು. ಮೂರು ಹಾಕಿ. ಡಿಒಎಲ್‌ನಲ್ಲಿ ಏಳುವಾಗ ಆರು ಪಟ್ಟು ಎಳೆಯುವುದರಿಂದ ಮೊದಲ ನಾಲ್ಕು ಸೆಕೆಂಡ್ ಲೆಕ್ಕಕ್ಕೆ ಹಿಡಿಯಬಾರದು.

ನೀರು ಖಾಲಿಯಾದಾಗ ಆಂಪಿಯರ್ ಇಳಿಯುವುದು ಗೊತ್ತೇ ಇದೆ. ನನ್ನದು 18ರ ಆಸುಪಾಸು ಓಡುತ್ತದೆ, 14ಕ್ಕೆ ಬಂದರೆ ಬೋರ್ ಕೆಳಗೆ ಹೋಗಿದೆ ಎಂದೇ ಅರ್ಥ. ಆದರೆ ವೋಲ್ಟೇಜ್ ಬದಲಾದಂತೆ ಈ ಗೆರೆಯೂ ಜರುಗುತ್ತದೆ. ಅದನ್ನು ಸರಿದೂಗಿಸುವ ಲೆಕ್ಕ ಒಂದಿದೆ, ಒಂದು ಬೇಸಿಗೆಯೆಲ್ಲ ಕೂತು ಕಟ್ಟಿದ್ದು. ಅದು ನನ್ನ ಬಳಿಯೇ ಇರಲಿ. ಟ್ರಿಪ್ ಆದ ಮೇಲೆ 45 ನಿಮಿಷ ಬಿಟ್ಟು ತಾನೇ ಏಳುತ್ತದೆ, ಅಷ್ಟರಲ್ಲಿ ನೀರು ಊರಿರುತ್ತದೆ.

ಕರೆಂಟ್ ಬಂದ ಕೂಡಲೇ ಒಂದು ಟಿಸಿಯ ಆಟೋ ಸ್ಟಾರ್ಟರುಗಳೆಲ್ಲ ಒಟ್ಟಿಗೆ ಎದ್ದರೆ ವೋಲ್ಟೇಜ್ 320ಕ್ಕೆ ಬೀಳುತ್ತದೆ, ಫ್ಯೂಸ್ ಹೋಗುತ್ತದೆ. ನಾನು ಏಳು ನಿಮಿಷ ಕಾಯಿಸುತ್ತೇನೆ. ಪಕ್ಕದ ತೋಟದವರನ್ನೂ ಎರಡು, ನಾಲ್ಕು ನಿಮಿಷ ಎಂದು ಬೇರೆ ಬೇರೆ ಇಡಲು ಒಪ್ಪಿಸಿದೆ. ಆಮೇಲೆ ಫ್ಯೂಸ್ ಹೋದದ್ದು ಕಡಿಮೆ.

ಸಿಡಿಲಿಗೆ ಫೇಸ್ ಫೇಸಿನ ನಡುವೆ ಹೆಚ್ಚಿನ ವೋಲ್ಟೇಜನ್ನು ತಾನೇ ಹೀರುವ ವೇರಿಸ್ಟರ್, 821 ನಂಬರಿನದು, ಹಿಂದೆ ಫ್ಯೂಸ್. 471 ಹಾಕಿದರೆ 300 ವೋಲ್ಟಿನದು, ಆನ್ ಮಾಡಿದ ಗಳಿಗೆಯಲ್ಲೇ ಸಿಡಿಯುತ್ತದೆ. ವೈರ್ ಬರುವ ತೂತುಗಳಿಗೆ ಗ್ಲ್ಯಾಂಡ್ ಹಾಕಿ ಮುಚ್ಚಿ. ಹಲ್ಲಿ ಕಾಂಟ್ಯಾಕ್ಟರಿನೊಳಗೆ ನುಗ್ಗಿದರೆ ಇಷ್ಟೂ ಕೆಲಸ ವ್ಯರ್ಥ.

ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ ಸಾಮಾನು, ಟ್ರಾನ್ಸ್‌ಫಾರ್ಮರ್, ಕಾಯಿಲ್ ಸೇರಿ ನಾಲ್ಕು ಸಾವಿರದ ಹತ್ತಿರ. ಸುಟ್ಟಿದ್ದು, ಬಿಸಾಡಿದ್ದು ಇನ್ನೊಂದು ಮೂರು ಸಾವಿರ.

ಕೃಷಿ ಹೊಂಡದಲ್ಲಿ ನೀರಿನ ಮಟ್ಟ ತಿಳಿಸುವ ಫ್ಲೋಟ್ ಸ್ವಿಚ್ಚಿಗೆ ವೈರ್ ಎಳೆಯುವ ಬದಲು, ಕಡಿಮೆ ಶಕ್ತಿಯಲ್ಲಿ ದೂರಕ್ಕೆ ಸಂದೇಶ ಕಳಿಸುವ ಲೋರಾ ರೇಡಿಯೋ ಹಾಕಿ ನೋಡಿದೆ, ನಮ್ಮಲ್ಲಿ ಲೈಸೆನ್ಸ್ ಬೇಡದ 865–868 ಮೆಗಾಹರ್ಟ್ಸ್‌ನದು. ಸುಮಾರು 400 ಮೀಟರ್ ದೂರ, ನಡುವೆ ಮಾವಿನ ತೋಪು. ಆಳೆತ್ತರದಲ್ಲಿ ಇಟ್ಟಾಗ ಮಳೆ ಬಂದು ಎಲೆ ನೆನೆದ ದಿನ ತಪ್ಪುತ್ತಿತ್ತು. ಆಂಟೆನಾವನ್ನು ಮರದ ತಲೆಯಿಂದ ಮೇಲಕ್ಕೆ ಏರಿಸಿದ ಮೇಲೆ ತಪ್ಪಿಲ್ಲ. ಈಗ ಬೆಂಚಿನ ಮೇಲೆ 4ಜಿ ಮಾಡ್ಯೂಲ್ ಓಡುತ್ತಿದೆ. ಕರೆ ಹಿಡಿಯುತ್ತದೆ, ಮೆಸೇಜ್ ಅಳಿಸುತ್ತದೆ, ಬೆಲೆ ಮಾತ್ರ ಮೂರು ಪಟ್ಟು. ಈ ಮಳೆಗಾಲದ ಸಿಡಿಲು ತಡೆದರೆ ತೋಟದ ಪೆಟ್ಟಿಗೆಗೆ ಅದನ್ನೇ ಕೂರಿಸುತ್ತೇನೆ.