ಬಿ ಡಿವಿಷನ್‌ಗೆ ಇಳಿದ ಕ್ಲಬ್ಬನ್ನು ಮತ್ತೆ ಕಟ್ಟುವುದು ಹೇಗೆ

ನಾವು ಜಿಲ್ಲಾ ಲೀಗಿನ ಎ ಡಿವಿಷನ್‌ನಿಂದ ಕೆಳಗಿಳಿದ ಮೂರನೇ ದಿನ ಬೆಳಿಗ್ಗೆ ನಮ್ಮ ಮನೆ ಗೇಟಿಗೆ ಒಂದು ಪ್ಲಾಸ್ಟಿಕ್ ಕವರ್ ನೇತಾಡುತ್ತಿತ್ತು. ಒಳಗೆ 4ನೇ ನಂಬರಿನ ಜೆರ್ಸಿ. ಒಗೆದು, ಇಸ್ತ್ರಿ ಮಾಡಿ, ನೀಟಾಗಿ ಮಡಚಿಟ್ಟಿದ್ದ. ನಮ್ಮ ಸ್ಟಾಪರ್ ಬ್ಯಾಕ್, ಅಂದರೆ ಗೋಲಿನ ಮುಂದೆ ನಡುವೆ ನಿಂತು ತಡೆಯುವವನು, ರಾತ್ರಿ ಯಾವಾಗಲೋ ಬಂದು ಸಿಕ್ಕಿಸಿ ಹೋಗಿದ್ದಾನೆ. ಬೆಲ್ ಕೂಡ ಒತ್ತಿಲ್ಲ. ಹನ್ನೊಂದು ವರ್ಷ ನಮ್ಮಲ್ಲೇ ಆಡಿದ ಹುಡುಗ. ಟೀಮಿನ ಜೆರ್ಸಿ ಒಗೆಯುವುದು ಯಾವಾಗಲೂ ನಮ್ಮ ಮನೆಯಲ್ಲಿ. ಅವನೇ ಒಗೆದು ತಂದಿಟ್ಟ ಅಂದರೆ ಇನ್ನು ಆಡುವುದಿಲ್ಲ ಎಂದೇ ಅರ್ಥ.

ನಾನು ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟರ್ ಆಗಿದ್ದು ನಿವೃತ್ತನಾದವನು. ಮೈಸೂರಿನ ಒಂದು ಸಣ್ಣ ಫುಟ್‌ಬಾಲ್ ಕ್ಲಬ್ಬಿನ ಸೆಕ್ರೆಟರಿ. ಮತ್ತೆ ಮೇಲೆ ಬರೋಕೆ ನಮಗೆ ಎರಡು ಸೀಸನ್ ಹಿಡಿಯಿತು. ಆಗ ಏನು ಮಾಡಿದೆವು, ಯಾವುದು ಕೆಲಸಕ್ಕೆ ಬಂತು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಮಂಡ್ಯವೋ ನಂಜನಗೂಡೋ ಹುಣಸೂರೋ, ನಿಮ್ಮ ಊರಿನ ಕ್ಲಬ್ ಇದೇ ಜಾಗದಲ್ಲಿ ನಿಂತಿದ್ದರೆ ಇಲ್ಲಿಂದ ಶುರು ಮಾಡಬಹುದು.

ಮೊದಲು ಗೋಲುಗಳ ಲೆಕ್ಕ

ಇಳಿದ ವಾರದಲ್ಲೇ ಮೀಟಿಂಗ್ ಕರೆಯಬೇಡಿ. ನಾವು ಕರೆದು ಕೆಟ್ಟೆವು. ಕೊನೆಯ ಮ್ಯಾಚಿನಲ್ಲಿ 4ನೇ ನಂಬರಿನವನ ಕಾಲಿಗೆ ತಗುಲಿ ಚೆಂಡು ನಮ್ಮದೇ ಗೋಲಿನೊಳಗೆ ಹೋಗಿತ್ತು. ಎಲ್ಲರ ಮಾತೂ ಅಲ್ಲಿಗೇ ಬಂದು ನಿಂತಿತು. ಆ ರಾತ್ರಿಯೇ ಅವನು ಜೆರ್ಸಿ ತಂದಿಟ್ಟಿದ್ದು.

ಮೀಟಿಂಗ್‌ಗೆ ಮುಂಚೆ ಒಂದು 200 ಪುಟದ ನೋಟ್‌ಬುಕ್ ತನ್ನಿ. ಆ ಸೀಸನ್‌ನಲ್ಲಿ ತಿಂದ ಒಂದೊಂದು ಗೋಲಿಗೂ ಒಂದೊಂದು ಸಾಲು ಬರೆಯಿರಿ. ಎಷ್ಟನೇ ನಿಮಿಷ, ಯಾವ ಕಡೆಯಿಂದ ಬಂತು, ಕಾರ್ನರೋ (ಮೈದಾನದ ಮೂಲೆಯಿಂದ ಒದೆಯುವುದು) ಫ್ರೀ ಕಿಕ್ಕೋ ಆಟದ ನಡುವೆಯೋ, ಆ ಆಟಗಾರನನ್ನು ಹಿಡಿಯಬೇಕಾಗಿದ್ದವನು ಯಾರು. ನಿಮಿಷ ಎಲ್ಲಿಂದ ತರೋದು ಅಂತೀರಾ? ನಮಗೆ ವಾಟ್ಸಾಪ್ ಗ್ರೂಪಿನಲ್ಲೇ ಸಿಕ್ಕಿತು. ಬೆಂಚಿನಲ್ಲಿ ಕೂತ ಹುಡುಗರು ಪ್ರತಿ ಗೋಲಿಗೂ ‘ಹೋಯ್ತು’ ಅಂತ ಮೆಸೇಜ್ ಹಾಕಿದ್ದರು. ಮೆಸೇಜಿನ ಟೈಮಿನಿಂದ ಕಿಕಾಫ್ ಟೈಮ್ ಕಳೆದು, ಹಾಫ್ ಟೈಮ್ ಬಿಟ್ಟರೆ ಲೆಕ್ಕ ಹತ್ತಿರ ಹತ್ತಿರ ಬರುತ್ತದೆ. ಮಿಕ್ಕಿದ್ದನ್ನು ಫೋನಿನ ವಿಡಿಯೋ ನೋಡಿ ತುಂಬಿಸಿದೆ.

ನಾಲ್ಕು ರಾತ್ರಿ ಕೂತೆ. ಒಟ್ಟು 31 ಗೋಲು. ಅದರಲ್ಲಿ 19 ಬಂದಿದ್ದು 60ನೇ ನಿಮಿಷ ದಾಟಿದ ಮೇಲೆ. 12 ಕಾರ್ನರ್ ಮತ್ತು ಫ್ರೀ ಕಿಕ್‌ನಿಂದ. 4ನೇ ನಂಬರಿನವನ ತಪ್ಪು ಅನ್ನಬಹುದಾಗಿದ್ದು ಎರಡೇ ಎರಡು.

ನೋಟ್‌ಬುಕ್ ಹಿಡಿದು ಮಂಡಿ ಮೊಹಲ್ಲಾಕ್ಕೆ ಹೋದೆ. ಅವನು ಅಲ್ಲಿ ಟೈರ್ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಲಾರಿ ಟೈರಿಗೆ ಪ್ಯಾಚ್ ಹಾಕುತ್ತಾ ಕೂತಿದ್ದ. ತಲೆ ಎತ್ತಲಿಲ್ಲ.

“ಬುಡಣ್ಣ, ನನ್ನಿಂದಾನೇ ಇಳಿದಿದ್ದು ಅಂತ ಎಲ್ಲಾರೂ ಅಂದ್ರಲ್ಲ.”

“ಅಂದೋರು ಲೆಕ್ಕ ಹಾಕಿಲ್ಲ ಕಣಪ್ಪ. ನಾನು ಹಾಕಿದ್ದೀನಿ, ನೋಡು.”

ಕೈ ಒರೆಸಿಕೊಂಡು ಪುಟ ತಿರುಗಿಸಿದ. ಬೆರಳಿಟ್ಟು ಒಂದೊಂದೇ ಸಾಲು ಓದಿದ. ಹತ್ತು ನಿಮಿಷ ಆದ ಮೇಲೆ ಕೇಳಿದ, “ಅಣ್ಣ, ಇಷ್ಟೊಂದು ಕಾರ್ನರ್‌ನಲ್ಲೇ ತಿಂದಿದ್ದೀವಾ?” ಮುಂದಿನ ಭಾನುವಾರ ಅವನು ಗ್ರೌಂಡಿಗೆ ಬಂದ.

ಇಳಿದ ಮೇಲೆ ಮೊದಲು ಉಳಿಸಿಕೊಳ್ಳಬೇಕಾದದ್ದು ಇಂಥ ಹಳಬರನ್ನು. 2006ರಲ್ಲಿ ಇಟಲಿಯ ಯುವೆಂಟಸ್ ಕ್ಲಬ್ಬನ್ನು ಮ್ಯಾಚ್ ಹಗರಣಕ್ಕಾಗಿ ಎರಡನೇ ದರ್ಜೆಗೆ ತಳ್ಳಿದರು. ಪಾಯಿಂಟ್ ಕೂಡ ಕಿತ್ತುಕೊಂಡರು. ಅದೇ ಬೇಸಿಗೆಯಲ್ಲಿ ವಿಶ್ವಕಪ್ ಗೆದ್ದು ಬಂದ ಗೋಲ್‌ಕೀಪರ್ ಬುಫೋನ್ ಕ್ಲಬ್ ಬಿಡಲಿಲ್ಲ. ಡೆಲ್ ಪಿಯೆರೊ, ನೆಡ್ವೆಡ್, ಟ್ರೆಜೆಗೆ ಕೂಡ ಉಳಿದರು. ಒಂದೇ ವರ್ಷದಲ್ಲಿ ಆ ಲೀಗ್ ಗೆದ್ದು ವಾಪಸ್ ಬಂದರು. ನಮ್ಮ ಹುಡುಗರಿಗೆ ಇದನ್ನು ಹೇಳಿದಾಗ ಬುಫೋನ್ ಹೆಸರು ಕೇಳಿ ಗೋಲ್‌ಕೀಪರ್ ನೆಟ್ಟಗೆ ಕೂತ.

ಹಾಜರಿ

ಎರಡನೇ ನೋಟ್‌ಬುಕ್ ಹಾಜರಿಗೆ. ನಮ್ಮಲ್ಲಿ ಹೆಸರು ಕೊಟ್ಟವರು 22. ಪ್ರಾಕ್ಟೀಸಿಗೆ ಬರುತ್ತಿದ್ದವರು ಎಂಟೋ ಒಂಬತ್ತೋ. ಎಂಟು ಜನರಿಗೆ ಕಾರ್ನರ್ ಹೇಗೆ ಕಲಿಸುತ್ತೀರಿ? 60 ನಿಮಿಷ ಆದ ಮೇಲೆ ಕಾಲು ಎಲ್ಲಿಂದ ಬರುತ್ತದೆ? ನಾವು ಮೊದಲಿಗೆ ಫೈನ್ ಹಾಕಿ ನೋಡಿದೆವು. ಇನ್ನೂ ಇಬ್ಬರು ಬರೋದು ಬಿಟ್ಟರು.

ಆಮೇಲೆ ಒಬ್ಬೊಬ್ಬರನ್ನೇ ಕೂರಿಸಿ ಕೇಳಿದೆ, ಯಾಕಪ್ಪ ಬರಲ್ಲ ಅಂತ. ಸೋಮಾರಿತನ ಅಂತ ನಾನು ಅಂದುಕೊಂಡಿದ್ದು ತಪ್ಪು. ಐದು ಜನಕ್ಕೆ ಫ್ಯಾಕ್ಟರಿಯಲ್ಲಿ ಶಿಫ್ಟು. ಒಬ್ಬ ಬೆಳಿಗ್ಗೆ ಮನೆಮನೆಗೆ ಹಾಲು ಹಾಕುತ್ತಾನೆ. ನಾಲ್ಕು ಜನ ಪಿಯುಸಿ. ಇಬ್ಬರಿಗೆ ಸ್ಟಡ್ಸ್ (ಫುಟ್‌ಬಾಲ್ ಬೂಟು) ಹರಿದಿತ್ತು, ಹೇಳೋಕೆ ನಾಚಿಕೆ. ಅವರು ಹೇಳಿದ್ದನ್ನೆಲ್ಲ ಕ್ಯಾಲೆಂಡರಿಗೆ ಹಾಕಿದೆ. ವಾರಕ್ಕೆ ಮೂರು ದಿನ ಪ್ರಾಕ್ಟೀಸ್, ಅದರಲ್ಲಿ ಒಂದು ಕಡ್ಡಾಯವಾಗಿ ಸಂಜೆ, ಶಿಫ್ಟಿನವರಿಗಾಗಿ. ಭಾನುವಾರ ಎಲ್ಲರೂ ಬರಬೇಕು. ಪರೀಕ್ಷೆ ಇರುವ ಮಾರ್ಚ್‌ನಲ್ಲಿ ವಿದ್ಯಾರ್ಥಿಗಳಿಗೆ ವಾರಕ್ಕೆ ಒಂದೇ ದಿನ. ರಂಜಾನ್ ತಿಂಗಳಲ್ಲಿ ಉಪವಾಸ ಬಿಡುವುದಕ್ಕೆ ಮುಂಚೆ ನಲವತ್ತು ನಿಮಿಷ, ಓಟ ಬೇಡ, ಬರೀ ಪಾಸಿಂಗ್ ಮತ್ತು ನಿಲ್ಲುವ ಜಾಗ. ಮುಗಿಯುವ ಹೊತ್ತಿಗೆ ಖರ್ಜೂರ, ಕಲ್ಲಂಗಡಿ ಹೆಚ್ಚಿ ಇಟ್ಟಿರುತ್ತಿದ್ದೆವು. ಉಪವಾಸ ಇಲ್ಲದ ಹುಡುಗರೂ ಅಲ್ಲೇ ಕೂತು ತಿನ್ನುತ್ತಿದ್ದರು. ಆ ತಿಂಗಳಲ್ಲಿ ಹಾಜರಿ ಉಳಿದ ತಿಂಗಳಿಗಿಂತ ಜಾಸ್ತಿ ಇತ್ತು.

ಮನೆಯವರ ಹತ್ತಿರವೂ ಹೋಗಬೇಕಾಗುತ್ತದೆ. ನಮ್ಮ ಗೋಲ್‌ಕೀಪರ್ ತಾಯಿ ಬಾಗಿಲಲ್ಲೇ ನಿಲ್ಲಿಸಿ ಕೇಳಿದರು, “ಬೆರಳು ಮುರ್ಕೊಂಡು ಬಂದ್ರೆ ಆಸ್ಪತ್ರೆಗೆ ಯಾರಣ್ಣ ಕಟ್ಟೋರು?” ಸರಿಯಾದ ಪ್ರಶ್ನೆ. ನನ್ನ ಹತ್ತಿರ ಉತ್ತರ ಇರಲಿಲ್ಲ. “ಅಕ್ಕ, ಒಂದು ತಿಂಗಳು ಟೈಮ್ ಕೊಡಿ” ಅಂದು ಬಂದೆ. ಎಲ್ಲಾ ಆಟಗಾರರಿಗೂ ಅಪಘಾತ ವಿಮೆ ಮಾಡಿಸಿ, ಪಾಲಿಸಿಯ ಜೆರಾಕ್ಸ್ ತೆಗೆದುಕೊಂಡು ಮತ್ತೆ ಹೋದೆ. ಅವರು ಅದನ್ನು ದೇವರ ಫೋಟೋ ಹಿಂದೆ ಸಿಕ್ಕಿಸಿದರು. ನಿಮ್ಮ ಕ್ಲಬ್ಬಿನಲ್ಲಿ ವಿಮೆ ಇಲ್ಲದಿದ್ದರೆ ಹೊಸ ಜೆರ್ಸಿ ಬಿಟ್ಟು ಮೊದಲು ಅದನ್ನು ಮಾಡಿಸಿ.

ಗ್ರೌಂಡಿನ ಕೆಲಸ

ನಮ್ಮ ಕಡೆ ಗ್ರೌಂಡ್ ಅಂದರೆ ಕೆಂಪು ಮಣ್ಣು, ಅಲ್ಲಲ್ಲಿ ಗರಿಕೆ, ಬೇಕಾದಷ್ಟು ಕಲ್ಲು. ಶುರುವಿಗೆ ಮುಂಚೆ ಎಲ್ಲರೂ ಸಾಲಾಗಿ ನಿಂತು ಈ ತುದಿಯಿಂದ ಆ ತುದಿಗೆ ಕಲ್ಲು ಆರಿಸಿ. ಐದು ನಿಮಿಷ ಸಾಕು. ಚೆಂಡಿಗೆ ಗಾಳಿ ನೋಡಿ ಹಾಕಿ. ನಿಯಮದ ಪ್ರಕಾರ ತೂಕ 410ರಿಂದ 450 ಗ್ರಾಂ ಇರಬೇಕು. ಹಳೇ ಚೆಂಡು ಮಳೆಯಲ್ಲಿ ನೀರು ಕುಡಿದರೆ ಅದಕ್ಕಿಂತ ಜಾಸ್ತಿ ತೂಗುತ್ತದೆ, ಹೆಡ್ ಮಾಡುವ ಹುಡುಗನ ಕುತ್ತಿಗೆಗೆ ಪೆಟ್ಟು.

ವಾರ್ಮಪ್‌ಗೆ ಫಿಫಾ ಹೇಳಿಕೊಡುವ ‘11 ಪ್ಲಸ್’ ಇದೆ. ಎಂಟು ನಿಮಿಷ ನಿಧಾನದ ಓಟ, ಹತ್ತು ನಿಮಿಷ ಬಲ, ನೆಗೆತ ಮತ್ತು ಬ್ಯಾಲೆನ್ಸ್, ಕೊನೆಗೆ ಎರಡು ನಿಮಿಷ ಜೋರು ಓಟ. ದುಡ್ಡು ಬೇಡ, ಸಲಕರಣೆ ಬೇಡ. ಮೊಣಕಾಲು, ತೊಡೆಯ ಗಾಯ ಕಡಿಮೆ ಆಗುತ್ತವೆ. ವಾರಕ್ಕೆ ಎರಡು ಸಲವಾದರೂ ತಪ್ಪಿಸಬೇಡಿ. ಮೈಸೂರಿನಲ್ಲಿ ಎಲ್ಲರಿಗೂ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಸುವ ಆಸೆ. ಹತ್ತಿಸಿ, ವಾರಕ್ಕೆ ಒಂದು ಸಲ. ಇಳಿಯುವಾಗ ಮಾತ್ರ ಓಡಿಸಬೇಡಿ, ಮೊಣಕಾಲು ಹೋಗುತ್ತೆ. ದಮ್ಮು ಬೆಳೆಸೋಕೆ ನನಗೆ ಅದಕ್ಕಿಂತ ಇಷ್ಟವಾದದ್ದು ನಾಲ್ಕಕ್ಕೆ ನಾಲ್ಕು ಜನರ ಆಟ. ಸಣ್ಣ ಜಾಗ, ನಾಲ್ಕು ನಿಮಿಷ ಬಿಡದೆ ಆಟ, ಮೂರು ನಿಮಿಷ ವಿರಾಮ, ಹೀಗೆ ನಾಲ್ಕು ಸಲ. ಹುಡುಗರಿಗೆ ಓಡುತ್ತಿದ್ದೇವೆ ಅನ್ನುವುದೇ ಗೊತ್ತಾಗುವುದಿಲ್ಲ.

ಡಿಫೆನ್ಸ್‌ಗೆ ನಾವು ಹಗ್ಗ ತಂದೆವು. ದೇವರಾಜ ಮಾರ್ಕೆಟ್ ಹತ್ತಿರ ತಂದ ನೈಲಾನ್ ಹಗ್ಗ. ನಾಲ್ಕು ಜನ ಬ್ಯಾಕ್‌ಗಳ ಸೊಂಟಕ್ಕೆ ಸುತ್ತಿ, ನಡುವೆ ಎಂಟೆಂಟು ಮೀಟರ್ ಬಿಟ್ಟೆವು. ಗಂಟು ಬಿಗಿ ಬೇಡ, ಎಳೆದರೆ ಬಿಚ್ಚಿಕೊಳ್ಳಬೇಕು. ಚೆಂಡು ಎಡಕ್ಕೆ ಹೋದರೆ ನಾಲ್ವರೂ ಎಡಕ್ಕೆ ಸರಿಯಬೇಕು. ಒಬ್ಬ ನಿಂತರೆ ಹಗ್ಗ ಬಿಗಿದು ಅವನ ಸೊಂಟ ಎಳೆಯುತ್ತೆ. ಬರೀ ನಡಿಗೆಯಲ್ಲೇ ಮಾಡಿ, ಓಟ ಬೇಡ. 4ನೇ ನಂಬರಿನವನು ನಡುವೆ ನಿಂತು “ಬಾ, ಬಾ, ನಿಲ್ಲು” ಅಂತ ಕೂಗುತ್ತಿದ್ದ. ಮೂರನೇ ವಾರ ಹಗ್ಗ ಬಿಚ್ಚಿ ಆಡಿಸಿದಾಗಲೂ ನಾಲ್ವರ ನಡುವಿನ ಅಂತರ ಹಾಗೇ ಇತ್ತು.

ಕಾರ್ನರ್‌ಗೆ ಹತ್ತಿರದ ಕಂಬದಲ್ಲಿ ಒಬ್ಬ. ಗೋಲಿನಿಂದ 5.5 ಮೀಟರ್ ದೂರದ ಗೆರೆಯ ಮೇಲೆ ಎತ್ತರದ ಮೂವರು, ಅವರು ಮನುಷ್ಯನನ್ನು ನೋಡಬಾರದು, ಚೆಂಡನ್ನು ಮಾತ್ರ ನೋಡಬೇಕು. ಇನ್ನು ಮೂವರು ಎದುರಾಳಿಯ ಹೆಡ್ ಮಾಡುವವರ ಜೊತೆ. ಗೋಲಿನ ಮುಂದಿನ ದೊಡ್ಡ ಬಾಕ್ಸಿನ ಅಂಚಿನಲ್ಲಿ ಒಬ್ಬ. ಗೋಲ್‌ಕೀಪರ್ “ನಂದು” ಅಂದರೆ ಮಿಕ್ಕವರು ದಾರಿ ಬಿಡಬೇಕು. ಪ್ರತಿ ಪ್ರಾಕ್ಟೀಸಿನ ಕೊನೆಗೆ, ಸುಸ್ತಾದ ಮೇಲೆಯೇ, ಹತ್ತು ಕಾರ್ನರ್. ಮ್ಯಾಚಿನಲ್ಲಿ ನಾವು ತಿಂದಿದ್ದೂ ಸುಸ್ತಾದ ಮೇಲೆಯೇ ಅಲ್ವಾ?

ದುಡ್ಡು, ಹೊರಗಿನ ಆಟಗಾರರು

ಇಳಿದ ತಕ್ಷಣ ಯಾರಾದರೂ ಬಂದು ಹೇಳುತ್ತಾರೆ, ಐದು ಜನ ಹೊರಗಿನವರನ್ನು ದುಡ್ಡು ಕೊಟ್ಟು ತರೋಣ, ಒಂದೇ ವರ್ಷದಲ್ಲಿ ಮೇಲೆ ಹೋಗೋಣ ಅಂತ. ಸಾಲ ಮಾಡಿ ಅದನ್ನು ಮಾಡಬೇಡಿ. ಇಂಗ್ಲೆಂಡಿನ ಲೀಡ್ಸ್ ಯುನೈಟೆಡ್ 2001ರಲ್ಲಿ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ಆಡಿದ ಕ್ಲಬ್. ಸಾಲದ ಮೇಲೆ ಆಟಗಾರರನ್ನು ಕೊಂಡಿತ್ತು. 2004ರಲ್ಲಿ ಇಳಿಯಿತು, 2007ರಲ್ಲಿ ಮೂರನೇ ದರ್ಜೆಗೆ ಹೋಯಿತು, ಪ್ರೀಮಿಯರ್ ಲೀಗಿಗೆ ವಾಪಸ್ ಬಂದಿದ್ದು 2020ರಲ್ಲಿ.

ತರುವುದೇ ಆದರೆ ಒಬ್ಬನನ್ನು ತನ್ನಿ, ಕಿರಿಯರಿಗೆ ಹೇಳಿಕೊಡುವ ಅನುಭವಸ್ಥನನ್ನು. ಅರ್ಜೆಂಟೀನಾದ ರಿವರ್ ಪ್ಲೇಟ್ 2011ರಲ್ಲಿ ಇಳಿದಾಗ ಯುವೆಂಟಸ್‌ನಲ್ಲಿ ಇದನ್ನೇ ಕಂಡಿದ್ದ ಅದೇ ಟ್ರೆಜೆಗೆ ಅಲ್ಲಿಗೆ ಹೋದರು. 2012ರಲ್ಲಿ ಮೇಲೆ ಬಂದ ನಿರ್ಣಾಯಕ ಮ್ಯಾಚಿನ ಎರಡೂ ಗೋಲು ಅವರದ್ದೇ.

ಅಂಗಡಿಯವರ ಹತ್ತಿರ ನಗದು ಕೇಳುವ ಬದಲು ವಸ್ತು ಕೇಳಿ. ನಮಗೆ ಒಬ್ಬರು ವಾರಕ್ಕೆ ಎರಡು ಟ್ರೇ ಮೊಟ್ಟೆ ಕೊಟ್ಟರು, ಇನ್ನೊಬ್ಬರು ಬಾಳೆಹಣ್ಣು. ಎರಡು ಜೊತೆ ಸ್ಟಡ್ಸ್ ಕೂಡ ಹಾಗೇ ಬಂತು. ಕ್ಲಬ್ಬನ್ನು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿ. ಬ್ಯಾಂಕಿನಲ್ಲಿ ಇಬ್ಬರ ಸಹಿ ಇಲ್ಲದೆ ದುಡ್ಡು ಹೊರಗೆ ಬರದ ಹಾಗೆ ಮಾಡಿ. ತಿಂಗಳ ಲೆಕ್ಕವನ್ನು ಗ್ರೂಪಿಗೆ ಹಾಕಿ.

ಸರ್ಕಾರಿ ಶಾಲೆಯ ಹದಿಮೂರು ವರ್ಷದೊಳಗಿನ ಮಕ್ಕಳ ಒಂದು ಬ್ಯಾಚ್ ಶುರು ಮಾಡಿ. ಚಿಕ್ಕವರಿಗೆ 4ನೇ ಸೈಜಿನ ಚೆಂಡು, ಏಳೇಳು ಜನರ ಆಟ. ಹಳೇ ಆಟಗಾರನೊಬ್ಬನನ್ನು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ (ಎಐಎಫ್‌ಎಫ್) ನಡೆಸುವ ಡಿ ಲೈಸೆನ್ಸ್ ಕೋಚಿಂಗ್ ಕೋರ್ಸಿಗೆ ಕಳಿಸಿ. ನಾವು ಕಳಿಸಿದ್ದು 4ನೇ ನಂಬರಿನವನನ್ನೇ.

ಒಂದೇ ವರ್ಷದಲ್ಲಿ ಮೇಲೆ ಬರುತ್ತೇವೆ ಅಂತ ಯಾರಿಗೂ ಮಾತು ಕೊಡಬೇಡಿ. ನಾವು ಮೊದಲ ವರ್ಷ ಬಿ ಡಿವಿಷನ್‌ನಲ್ಲಿ ಐದನೇ ಸ್ಥಾನ. ಕೆಲವರಿಗೆ ಬೇಜಾರಾಯಿತು. ಅವರಿಗೆ ಸಂತೋಷ್ ಟ್ರೋಫಿ, ಅಂದರೆ ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಟೂರ್ನಿಯ ವಿಷಯ ಹೇಳಿದೆ. ‘ಮೈಸೂರು’ ಎಂಬ ಹೆಸರಿನಲ್ಲಿ ನಮ್ಮ ರಾಜ್ಯ 1968-69ರಲ್ಲಿ ಗೆದ್ದಿತ್ತು. ಮತ್ತೆ ಗೆದ್ದಿದ್ದು 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ. ಆಮೇಲೆ ನೋಟ್‌ಬುಕ್ ತೋರಿಸಿದೆ. 60 ನಿಮಿಷದ ನಂತರ ತಿಂದ ಗೋಲು 19ರಿಂದ 7ಕ್ಕೆ ಇಳಿದಿತ್ತು.

ಹೊಸ ಸೀಸನ್‌ನ ಮೊದಲ ಮ್ಯಾಚಿನ ಹಿಂದಿನ ರಾತ್ರಿ ಚೀಲ ನೀವೇ ತುಂಬಿಸಿ. ಆಟಗಾರರ ಗುರುತಿನ ಚೀಟಿ ಪ್ಲಾಸ್ಟಿಕ್ ಕವರಿನಲ್ಲಿ, ಪಂಪಿಗೆ ಎರಡು ಸೂಜಿ, ಒಂದು ಜೊತೆ ಹೆಚ್ಚುವರಿ ಶಿನ್‌ಗಾರ್ಡ್, ಟೇಪು, ಐಸ್ ಹಾಕೋಕೆ ಫ್ಲಾಸ್ಕು. ಜೆರ್ಸಿಗಳನ್ನು ನಂಬರ್ ಪ್ರಕಾರ ಜೋಡಿಸಿ. ನೋಟ್‌ಬುಕ್ಕಿನಲ್ಲಿ ಹೊಸ ಪುಟಕ್ಕೆ ಗೆರೆ ಎಳೆದು, ನಿಮಿಷ, ಕಡೆ, ಕಾರ್ನರ್ ಅಂತ ಬರೆದು, ಪೆನ್ನನ್ನು ದಾರದಲ್ಲಿ ಕಟ್ಟಿ. ಬೆಂಚಿನಲ್ಲಿ ಕೂರುವ ಹುಡುಗನ ಕೈಗೆ ಅದನ್ನು ಮೊದಲು ಕೊಡಿ, ಆಮೇಲೆ ನೀರಿನ ಬಾಟಲಿ.